ಕ್ರೈಸ್ತ ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆಗಳು

ಸಂಪಾದಕರಿಗೆ,

ಮಾನ್ಯರೇ,

ಕ್ರೈಸ್ತರೊಬ್ಬರು ಚುನಾವಣೆಗೆ ನಿಂತರೆ, ಅದು ಯಾವ ದೇಶವೇ ಆಗಿರಲಿ, ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಗೆದ್ದ ಮೇಲೆ ಇವರು ಎಲ್ಲರ ಪ್ರತಿನಿಧಿಯಾಗಿರುತ್ತಾರೋ, ಚರ್ಚಿನ ಪ್ರತಿನಿಧಿಯಾಗುತ್ತಾರೋ? ಕೇಳುವುದರಲ್ಲಿ ತಪ್ಪಿಲ್ಲ, ಮತ ಕೊಡುವವರಿಗೆ ಆ ಹಕ್ಕಿದೆ. ತೊಂದರೆ ಇರುವುದು ಕೇಳುವ ರೀತಿಯಲ್ಲಿ. 'ನಿಮ್ಮ ನಂಬಿಕೆಯನ್ನು ಹೊರಗಿಟ್ಟು ಕೆಲಸ ಮಾಡುತ್ತೀರಾ?' ಎನ್ನುತ್ತೇವೆ, ಅಭ್ಯರ್ಥಿ 'ಖಂಡಿತ' ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಂಬಿಕೆಯನ್ನು ಚಪ್ಪಲಿಯ ಹಾಗೆ ಹೊಸ್ತಿಲಾಚೆ ಬಿಟ್ಟು ಒಳಗೆ ಬರಲು ಯಾರಿಂದಲೂ ಆಗದು. ಬಿಟ್ಟು ಬಂದಿದ್ದೇನೆ ಎನ್ನುವವರ ಮಾತನ್ನು ಪರೀಕ್ಷಿಸಲು ದಾರಿಯೂ ಇಲ್ಲ.

ಪರೀಕ್ಷಿಸಬಹುದಾದದ್ದು ಬೇರೆ ಇದೆ. ಜನಪ್ರತಿನಿಧಿ ಮಾಡುವುದು ಒಂದು ಕೆಲಸವಲ್ಲ, ಮೂರು. ಸದನದಲ್ಲಿ ಕಾನೂನಿಗೆ ಮತ ಹಾಕುವುದು ಮೊದಲನೆಯದು. ಅಧಿಕಾರ ಸಿಕ್ಕಾಗ, ಇರುವ ಕಾನೂನನ್ನು ಜಾರಿ ಮಾಡುವುದು ಎರಡನೆಯದು. ಬಾಗಿಲಿಗೆ ಬಂದವರ ಅರ್ಜಿ ತೆಗೆದುಕೊಂಡು ಕಚೇರಿಗಳಿಗೆ ಬರೆಯುವುದು ಮೂರನೆಯದು. ಮೊದಲನೆಯದರಲ್ಲಿ ನಂಬಿಕೆಗೆ ಜಾಗವಿದೆ. ಎರಡನೆಯದರಲ್ಲಿ ತೀರ ಕಡಿಮೆ. ಮೂರನೆಯದರಲ್ಲಿ ಇಲ್ಲವೇ ಇಲ್ಲ. ಮೂರನ್ನೂ ಒಟ್ಟಿಗೆ ಕಲಸಿ ಮಾತಾಡುವುದರಿಂದಲೇ ಈ ಚರ್ಚೆ ಪ್ರತಿ ಸಲವೂ ಹಾದಿ ತಪ್ಪುತ್ತದೆ.

ಮತ ಹಾಕುವ ವಿಷಯ ಮೊದಲು. ಪ್ರತಿನಿಧಿ ನಿಮಗೆ ತನ್ನ ದುಡಿಮೆಯನ್ನಷ್ಟೇ ಅಲ್ಲ, ತನ್ನ ವಿವೇಚನೆಯನ್ನೂ ಕೊಡಬೇಕು ಎಂದು ಬ್ರಿಟನ್ನಿನ ರಾಜಕಾರಣಿ ಎಡ್ಮಂಡ್ ಬರ್ಕ್ ಬ್ರಿಸ್ಟಲ್‌ನ ಮತದಾರರಿಗೆ ಹೇಳಿದ್ದು 1774ರಲ್ಲಿ. ಆ ಮಾತಿಗೆ ಅವರು ಬೆಲೆಯನ್ನೂ ತೆತ್ತರು. ಕ್ಯಾಥೊಲಿಕರ ಮೇಲಿದ್ದ ನಿರ್ಬಂಧಗಳನ್ನು ಸಡಿಲಿಸಿದ 1778ರ ಕಾನೂನಿನ ಪರ, ಐರ್ಲೆಂಡಿನ ವ್ಯಾಪಾರದ ಪರ ನಿಂತದ್ದಕ್ಕೆ ಬ್ರಿಸ್ಟಲ್ ಮುನಿಸಿಕೊಂಡಿತು. 1780ರಲ್ಲಿ ಅವರು ಅಲ್ಲಿ ಕಣದಿಂದ ಹಿಂದೆ ಸರಿಯಬೇಕಾಯಿತು. ಹೀಗಾಗಿ ಶಾಸಕರ ಆತ್ಮಸಾಕ್ಷಿಗೆ ಸದನದಲ್ಲಿ ಜಾಗ ಇರುವುದು ಹೊಸ ವಿಷಯವೇನಲ್ಲ. ಮನುಷ್ಯನ ಜೀವ, ಮದುವೆ, ಶಿಕ್ಷೆ, ಬಡವರ ಪಾಲು ಇವುಗಳ ಬಗ್ಗೆ ಕ್ರೈಸ್ತರೊಬ್ಬರಿಗೆ ಬೈಬಲ್ಲಿನಿಂದ ಬಂದ ನಿಲುವಿದ್ದರೆ, ಇನ್ನೊಬ್ಬರಿಗೆ ಬೇರೆ ಮೂಲದಿಂದ ಬಂದಿರುತ್ತದೆ. ನಿಲುವು ಎಲ್ಲಿಂದ ಬಂತು ಎನ್ನುವುದಕ್ಕಿಂತ, ಅದನ್ನು ಮತದಾರರಿಗೆ ಮೊದಲೇ ಹೇಳಿದ್ದರೇ ಎನ್ನುವುದು ಮುಖ್ಯ.

ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕ್ಯಾಥೊಲಿಕ್ ಜಾನ್ ಎಫ್. ಕೆನಡಿ 1960ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ಮಾಡಿದ ಭಾಷಣವನ್ನು ಎಲ್ಲರೂ ನೆನೆಯುತ್ತಾರೆ. 1928ರಲ್ಲಿ ಇನ್ನೊಬ್ಬ ಕ್ಯಾಥೊಲಿಕ್ ಅಭ್ಯರ್ಥಿ ಆಲ್ ಸ್ಮಿತ್ ಸೋತ ನೆನಪು ಅಮೆರಿಕದಲ್ಲಿ ಇನ್ನೂ ಹಸಿಯಾಗಿತ್ತು. ಅಧ್ಯಕ್ಷರ ಮನೆಯಿಂದ ಪೋಪ್ ಆಳುತ್ತಾರೆ ಎಂಬ ಭಯ ಹಬ್ಬಿತ್ತು. ಯಾವ ಬಿಷಪ್ಪನ ಅಪ್ಪಣೆಗೂ ತಾನು ಬದ್ಧನಲ್ಲ, ಆತ್ಮಸಾಕ್ಷಿಗೂ ದೇಶದ ಹಿತಕ್ಕೂ ಘರ್ಷಣೆ ಬಂದರೆ ರಾಜೀನಾಮೆ ಕೊಡುತ್ತೇನೆ ಎಂದು ಕೆನಡಿ ಹೇಳಿದರು. ಭಾಷಣಕ್ಕಿಂತ ತೂಕದ ಪುರಾವೆ ಮರುವರ್ಷದ್ದು. 1961ರಲ್ಲಿ ಅವರು ತಂದ ಶಿಕ್ಷಣ ನೆರವಿನ ಮಸೂದೆಯಲ್ಲಿ ಸರ್ಕಾರಿ ಶಾಲೆಗಳಿಗೆ ಹಣವಿತ್ತು, ಚರ್ಚ್ ನಡೆಸುವ ಶಾಲೆಗಳಿಗೆ ಇರಲಿಲ್ಲ. ಅವರದೇ ಧರ್ಮಸಭೆಯ ಬಿಷಪ್ಪರು ಬಹಿರಂಗವಾಗಿ ವಿರೋಧಿಸಿದರು. ಮಸೂದೆ ಕೆಳಮನೆಯಲ್ಲೇ ಬಿದ್ದುಹೋಯಿತು. ಕೆನಡಿ ಮಾತ್ರ ಮಾತು ತಪ್ಪಲಿಲ್ಲ. ಚರ್ಚಿನ ಹಿತ ಮತ್ತು ಸಾರ್ವಜನಿಕ ಬೊಕ್ಕಸ ಎದುರುಬದುರಾದಾಗ ಅವರು ಎಲ್ಲಿ ನಿಂತರು ಎಂಬುದು ಭಾಷಣದಲ್ಲಲ್ಲ, ಆ ಮಸೂದೆಯಲ್ಲಿ ಸಿಗುತ್ತದೆ.

ಜರ್ಮನಿಯ ಚಾನ್ಸಲರ್ ಆಗಿದ್ದ ಅಂಗೆಲಾ ಮೆರ್ಕೆಲ್ ಪಾದ್ರಿಯ ಮಗಳು. ಸಲಿಂಗ ವಿವಾಹದ ಮಸೂದೆ 2017ರ ಜೂನ್ 30ರಂದು ಮತಕ್ಕೆ ಬಂದಾಗ ಅವರು ವಿರುದ್ಧ ಮತ ಹಾಕಿದರು. ಆದರೆ ಅದೇ ವಾರ, ಈ ವಿಷಯವನ್ನು ಸದಸ್ಯರ ಆತ್ಮಸಾಕ್ಷಿಗೆ ಬಿಡಬಹುದೆಂದು ಹೇಳಿ ಮಸೂದೆಗೆ ದಾರಿ ತೆರೆದವರೂ ಅವರೇ. 393 ಪರ, 226 ವಿರುದ್ಧ, ಕಾನೂನಾಯಿತು. ತನ್ನ ಒಂದು ಮತದಲ್ಲಿ ನಂಬಿಕೆಯನ್ನು ಉಳಿಸಿಕೊಂಡು, ತನ್ನ ಅಧಿಕಾರದ ಬಲದಿಂದ ಇತರರ ದಾರಿಯನ್ನು ಮುಚ್ಚದೆ ಇರುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮಾದರಿ ಸಿಗುವುದು ಕಷ್ಟ.

ಬ್ರಿಟನ್ನಿನ ಟಿಮ್ ಫ್ಯಾರನ್ ಅವರ ಪ್ರಕರಣದಲ್ಲಿ ತಪ್ಪಿದ್ದು ಬಹುಮಟ್ಟಿಗೆ ಪ್ರಶ್ನೆ ಕೇಳಿದವರದು. ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕರಾಗಿದ್ದ ಅವರನ್ನು, ಸಲಿಂಗ ಸಂಬಂಧ ಪಾಪವೇ ಎಂದು ಸಂದರ್ಶನದಿಂದ ಸಂದರ್ಶನಕ್ಕೆ ಕೇಳಿದರು. ಪಾಪ ಎಂಬುದು ದೇವಶಾಸ್ತ್ರದ ಮಾತು; ಮತದಾರರಿಗೆ ಬೇಕಾದದ್ದು ಅವರ ಮತದ ದಾಖಲೆ. ಅದು ಸಂಸತ್ತಿನ ನಡಾವಳಿಯಲ್ಲಿ ಯಾರು ಬೇಕಾದರೂ ಓದಬಹುದಾದಂತೆ ಇತ್ತು: ಲೈಂಗಿಕ ಒಲವಿನ ಆಧಾರದ ತಾರತಮ್ಯ ತಡೆಯುವ 2007ರ ನಿಯಮಗಳಿಗೆ ವಿರುದ್ಧ ಮತ, 2013ರ ಸಲಿಂಗ ವಿವಾಹ ಮಸೂದೆಯ ಎರಡನೇ ವಾಚನಕ್ಕೆ ಪರವಾದ ಮತ, ಮೂರನೇ ವಾಚನದಲ್ಲಿ ಮತವೇ ಇಲ್ಲ. ಈ ಏರಿಳಿತದ ಬಗ್ಗೆ ಗಟ್ಟಿಯಾಗಿ ಕೇಳಿದ್ದರೆ ಉಪಯುಕ್ತ ಉತ್ತರ ಬರುತ್ತಿತ್ತು. ಅದರ ಬದಲು ಅಂತರಂಗವನ್ನು ಕೆದಕಿದರು. ಪಕ್ಷದ ನಾಯಕತ್ವ ಮತ್ತು ಕ್ರೈಸ್ತ ಬದುಕು ಎರಡನ್ನೂ ನಡೆಸುವುದು ತನಗೆ ಸಾಧ್ಯವಾಗುತ್ತಿಲ್ಲ ಎಂದು ಅವರು 2017ರ ಜೂನ್ 14ರಂದು ರಾಜೀನಾಮೆ ಘೋಷಿಸಿದರು.

ಸ್ಕಾಟ್ಲೆಂಡಿನ ಕೇಟ್ ಫೋರ್ಬ್ಸ್ 2023ರಲ್ಲಿ ಇದಕ್ಕೆ ತದ್ವಿರುದ್ಧ ಮಾಡಿದರು. ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ್ದಾಗಲೇ, 2014ರಲ್ಲಿ ತಾನು ಸದನದಲ್ಲಿದ್ದಿದ್ದರೆ ಸಲಿಂಗ ವಿವಾಹಕ್ಕೆ ಮತ ಹಾಕುತ್ತಿರಲಿಲ್ಲ, ಆದರೆ ಈಗಿರುವ ಕಾನೂನನ್ನು ಕಾಪಾಡುತ್ತೇನೆ ಎಂದು ನೇರವಾಗಿ ಹೇಳಿದರು. ಬೆಂಬಲಿಗರಲ್ಲಿ ಕೆಲವರು ಬಿಟ್ಟುಹೋದರು, ಅಲ್ಪ ಅಂತರದಲ್ಲಿ ಸೋತರು, ಮರುವರ್ಷ ಉಪ ಮುಖ್ಯಸ್ಥರಾಗಿ ಸರ್ಕಾರಕ್ಕೆ ಬಂದರು. ಅವರ ನಿಲುವನ್ನು ಒಪ್ಪದವರಿಗೂ ಒಂದು ಸಂಗತಿ ಒಪ್ಪಿಗೆಯಾಗಬೇಕು: ಮತ ಹಾಕುವವರು ತಿಳಿದೇ ಹಾಕಿದರು.

ಭಾರತದಲ್ಲಿ ಈ ಮೊದಲ ಕೆಲಸದ ವ್ಯಾಪ್ತಿ ಇನ್ನೂ ಚಿಕ್ಕದು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿ ಅನುಮತಿಯಿಲ್ಲದೆ ಮತ ಹಾಕಿದರೆ ಅಥವಾ ಗೈರಾದರೆ, ಮತ್ತು 15 ದಿನದೊಳಗೆ ಪಕ್ಷ ಅದನ್ನು ಮನ್ನಿಸದಿದ್ದರೆ, ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಒಂದು ಮಸೂದೆಯ ಮೇಲೆ ಕ್ರೈಸ್ತ ಸದಸ್ಯರೊಬ್ಬರು ಹೀಗೆ ಮತ ಹಾಕಿದರು ಎಂದು ಅವರ ನಂಬಿಕೆಯನ್ನು ಅಳೆಯಲು ಹೊರಟರೆ ಸಿಗುವುದು ಪಕ್ಷದ ನಿಲುವು, ಅವರದಲ್ಲ. ಅವರ ಸ್ವಂತ ಒಲವು ಕಾಣುವುದು ವಿಪ್ ತಲುಪದ ಜಾಗಗಳಲ್ಲಿ: ಕೇಳಿದ ಪ್ರಶ್ನೆಗಳು, ಶೂನ್ಯವೇಳೆಯಲ್ಲಿ ಎತ್ತಿದ ವಿಷಯ, ಮಂಡಿಸಿದ ಖಾಸಗಿ ಸದಸ್ಯರ ಮಸೂದೆ. ಐದು ವರ್ಷದ ಪ್ರಶ್ನೆಗಳನ್ನು ವಿಷಯವಾರು ಬಿಡಿಸಿಟ್ಟರೆ, ಕುಡಿಯುವ ನೀರು, ರೈಲು, ಆಸ್ಪತ್ರೆ, ಬೆಳೆ ವಿಮೆ, ತನ್ನ ಸಮುದಾಯದ ಸಂಸ್ಥೆಗಳು ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಹೋಯಿತು ಎಂಬುದು ಒಂದು ಸಂಜೆಯ ಕೆಲಸದಲ್ಲಿ ಗೊತ್ತಾಗುತ್ತದೆ.

ಇನ್ನು ಜಾರಿ ಮಾಡುವ ಕೆಲಸ. ಇಲ್ಲಿ ನಮ್ಮ ಸಂವಿಧಾನದ ಮೂರನೇ ಅನುಸೂಚಿಯನ್ನು ಗಮನವಿಟ್ಟು ಓದಬೇಕು. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದೋ, ದೃಢಪೂರ್ವಕವಾಗಿ ಹೇಳುವುದೋ, ಅದು ಎಲ್ಲರಿಗೂ ಅವರವರ ಆಯ್ಕೆ. ಆದರೆ ಸಂಸತ್ ಸದಸ್ಯರ ಪ್ರಮಾಣವಚನದಲ್ಲಿ ಸಂವಿಧಾನಕ್ಕೆ ನಿಷ್ಠೆ, ದೇಶದ ಸಾರ್ವಭೌಮತೆ, ಕರ್ತವ್ಯ ಪಾಲನೆ ಇಷ್ಟೇ ಇದೆ. ಭಯ, ಪಕ್ಷಪಾತ, ರಾಗ, ದ್ವೇಷಗಳಿಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಮಾಡುತ್ತೇನೆ ಎಂಬ ಮಾತು ಇರುವುದು ಮಂತ್ರಿಗಳ ಪ್ರಮಾಣದಲ್ಲಿ. ಈ ವ್ಯತ್ಯಾಸಕ್ಕೆ ಅರ್ಥವಿದೆ. ಸದನದಲ್ಲಿ ಸದಸ್ಯರು ಒಂದು ಪಕ್ಷ ಹಿಡಿದು ವಾದಿಸಲೇಬೇಕು. ಕಡತಕ್ಕೆ ಸಹಿ ಹಾಕುವ ಕೈಗೆ ಆ ಸ್ವಾತಂತ್ರ್ಯವಿಲ್ಲ.

ಕೈ ಆಡದೆ ಹೋದಾಗ ಏನಾಗುತ್ತದೆ ಎನ್ನುವುದಕ್ಕೆ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬೆಲ್ಜಿಯಂನ ದೊರೆ ಬೊಡ್ವಾನ್ ಭಕ್ತ ಕ್ಯಾಥೊಲಿಕ್. 1990ರಲ್ಲಿ ಸಂಸತ್ತು ಗರ್ಭಪಾತದ ಕಾನೂನನ್ನು ಒಪ್ಪಿತು. ದೊರೆಯ ಸಹಿಯಿಲ್ಲದೆ ಅದು ಜಾರಿಗೆ ಬರುವಂತಿರಲಿಲ್ಲ. ಸಹಿ ಹಾಕಲು ತನ್ನ ಆತ್ಮಸಾಕ್ಷಿ ಒಪ್ಪದು, ಹಾಗೆಂದು ಸಂಸತ್ತಿನ ತೀರ್ಮಾನಕ್ಕೆ ಅಡ್ಡಿಯಾಗಲೂ ಬಾರದು, ದಾರಿ ಹುಡುಕಿ ಎಂದು ಅವರು ಪ್ರಧಾನಿಗೆ ಪತ್ರ ಬರೆದರು. ಮಂತ್ರಿಮಂಡಲ, ದೊರೆ ಆಳಲು ಅಸಮರ್ಥರಾಗಿದ್ದಾರೆ ಎಂದು ಸಂವಿಧಾನದ ವಿಧಿಯೊಂದರ ಅಡಿಯಲ್ಲಿ ಘೋಷಿಸಿ ತಾನೇ ಸಹಿ ಹಾಕಿತು. ಎರಡು ದಿನ ತುಂಬುವ ಮೊದಲೇ ಸಂಸತ್ತು ಅವರಿಗೆ ಅಧಿಕಾರ ಮರಳಿಸಿತು. ಯಾವ ಹೆಣ್ಣಿನ ಹಕ್ಕೂ ಅದರಿಂದ ನಿಲ್ಲಲಿಲ್ಲ.

ಅಮೆರಿಕದ ಕೆಂಟಕಿ ರಾಜ್ಯದ ರೋವನ್ ಕೌಂಟಿಯಲ್ಲಿ ಚುನಾಯಿತ ಗುಮಾಸ್ತೆಯಾಗಿದ್ದ ಕಿಮ್ ಡೇವಿಸ್ 2015ರಲ್ಲಿ ಬೇರೆ ದಾರಿ ಹಿಡಿದರು. ಸಲಿಂಗ ವಿವಾಹಕ್ಕೆ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟ ಮೇಲೆ, ತನ್ನ ಹೆಸರಿನಲ್ಲಿ ಅಂಥ ಪರವಾನಗಿ ಹೋಗುವುದು ನಂಬಿಕೆಗೆ ವಿರುದ್ಧ ಎಂದು ಅವರು ಎಲ್ಲ ಜೋಡಿಗಳಿಗೂ ವಿವಾಹ ಪರವಾನಗಿ ಕೊಡುವುದನ್ನೇ ನಿಲ್ಲಿಸಿದರು. ಕೋರ್ಟಿನ ಆದೇಶಕ್ಕೂ ಬಗ್ಗದೆ ಐದು ದಿನ ಜೈಲಿನಲ್ಲಿದ್ದರು. ಆ ಹೊತ್ತಿಗೆ ಅವರ ಸಹಾಯಕರು ಪರವಾನಗಿ ಕೊಡತೊಡಗಿದ್ದರು. ಮರುವರ್ಷ ರಾಜ್ಯವು ನಮೂನೆಯಿಂದ ಗುಮಾಸ್ತರ ಹೆಸರನ್ನೇ ತೆಗೆದುಹಾಕಿತು. ಇಷ್ಟು ಸಣ್ಣ ತಿದ್ದುಪಡಿಯಿಂದ ಬಗೆಹರಿಯಬಹುದಾಗಿದ್ದ ವಿಷಯಕ್ಕಾಗಿ, ತೆರಿಗೆ ಕಟ್ಟುವ ಜನ ತಮ್ಮದೇ ಕಚೇರಿಯಿಂದ ಬರಿಗೈಯಲ್ಲಿ ಮರಳಿದ್ದರು. ಇಬ್ಬರೂ ಕ್ರೈಸ್ತರು, ಇಬ್ಬರ ನಂಬಿಕೆಯೂ ಪ್ರಾಮಾಣಿಕ. ಒಬ್ಬರು ತಾವು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಇನ್ನೊಬ್ಬರು ಬಾಗಿಲಿಗೆ ಅಡ್ಡ ನಿಂತರು.

ಮಂತ್ರಿಯೊಬ್ಬರ ನೈತಿಕ ಒಲವು ಯೋಜನೆಯನ್ನೇ ಬಾಗಿಸಿದ ಉದಾಹರಣೆ ನಮ್ಮಲ್ಲೂ ಇದೆ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಕ್ರೈಸ್ತ ಮನೆತನದವರು, ಗಾಂಧೀಜಿಯ ನಿಕಟವರ್ತಿ. ಕೃತಕ ಗರ್ಭನಿರೋಧಕಗಳಿಗೆ ಅವರ ಒಪ್ಪಿಗೆ ಇರಲಿಲ್ಲ. ಅದಕ್ಕೆ ಚರ್ಚಿಗಿಂತ ಗಾಂಧೀಜಿಯ ಸಂಯಮದ ವಿಚಾರವೇ ಹೆಚ್ಚು ಕಾರಣ. ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಇಟ್ಟಿತ್ತು. ಆ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪ್ರಯೋಗಕ್ಕೆ ತೆಗೆದುಕೊಂಡದ್ದು ದಿನ ಎಣಿಸುವ ವಿಧಾನವನ್ನು. ಪ್ರಯೋಗ ನಡೆದದ್ದು ದೆಹಲಿಯ ಲೋದಿ ಕಾಲೊನಿಯಲ್ಲಿ ಮತ್ತು ಅಂದಿನ ಮೈಸೂರು ರಾಜ್ಯದ ರಾಮನಗರದಲ್ಲಿ. ಹೆಂಗಸರ ಕೈಗೆ ಮಣಿಸರ ಕೊಟ್ಟರು: ಸುರಕ್ಷಿತ ದಿನಕ್ಕೊಂದು ಬಣ್ಣ, ಅಲ್ಲದ ದಿನಕ್ಕೊಂದು. ಋತುಚಕ್ರ ಒಬ್ಬೊಬ್ಬರಿಗೆ ಒಂದೊಂದು ಅಳತೆಯದು, ಒಬ್ಬರಲ್ಲೇ ತಿಂಗಳಿಂದ ತಿಂಗಳಿಗೆ ಏರುಪೇರು. ಸರದ ಲೆಕ್ಕ ಮೈಯ ಲೆಕ್ಕಕ್ಕೆ ಹೊಂದುವುದಿಲ್ಲ. ಅದೇ ಅಮೃತ್ ಕೌರ್ ಎಲ್ಲ ಜಾತಿ ಧರ್ಮದವರಿಗೂ ತೆರೆದ ಏಮ್ಸ್ ಸಂಸ್ಥೆಗೆ 1956ರಲ್ಲಿ ಕಾನೂನಿನ ಬುನಾದಿ ಹಾಕಿದವರು. ಅವರು ಒಂದು ಸಮುದಾಯಕ್ಕೆ ಕೊಟ್ಟು ಇನ್ನೊಂದಕ್ಕೆ ತಪ್ಪಿಸಲಿಲ್ಲ. ಆದರೂ ಹೆಂಗಸರಿಗೆ ಸಿಗಬಹುದಾಗಿದ್ದ ಆಯ್ಕೆಗಳು ಮಂತ್ರಿಯ ಒಪ್ಪಿಗೆಯ ಮಿತಿಯಲ್ಲಿ ಉಳಿದವು. ಪಕ್ಷಪಾತ ಎಂದರೆ ಧರ್ಮ ಧರ್ಮಗಳ ನಡುವಿನದು ಮಾತ್ರ ಎಂದು ತಿಳಿದವರು ಈ ಪ್ರಸಂಗವನ್ನು ಗಮನಿಸಬೇಕು.

ಇಲ್ಲೇ ಒಂದು ಮಾತು: ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 285ನೇ ವಿಧಿ, ರಾಜ್ಯಾಧಿಕಾರ ಚಲಾಯಿಸುವ ಹುದ್ದೆಗಳನ್ನು ಪಾದ್ರಿಗಳು ಹಿಡಿಯಬಾರದು ಎನ್ನುತ್ತದೆ. ಅದಕ್ಕೂ ಮೊದಲೇ, 1980ರಲ್ಲಿ, ಅಮೆರಿಕದ ಕಾಂಗ್ರೆಸ್ ಸದಸ್ಯರಾಗಿದ್ದ ಜೆಸ್ಯುಯಿಟ್ ಪಾದ್ರಿ ರಾಬರ್ಟ್ ಡ್ರೈನನ್ ಪೋಪ್ ಆದೇಶದಂತೆ ಮರುಸ್ಪರ್ಧೆಯಿಂದ ಹಿಂದೆ ಸರಿದರು. ಎರಡು ಒಡೆತನದ ಅಪಾಯ ಚರ್ಚಿಗೂ ಗೊತ್ತಿದೆ. ಗೃಹಸ್ಥ ಕ್ರೈಸ್ತರ ಮೇಲೆ ಅಂಥ ನಿರ್ಬಂಧವಿಲ್ಲ. ಮತ್ತೆ, 'ಕ್ರೈಸ್ತ ಮತ' ಎಂಬ ಒಂದೇ ಗಂಟೂ ಇಲ್ಲ. ಕ್ಯಾಥೊಲಿಕರು, ದಕ್ಷಿಣ ಭಾರತ ಸಭೆ (ಸಿಎಸ್ಐ) ಎಂಬ ಪ್ರಾಟೆಸ್ಟೆಂಟ್ ಚರ್ಚಿನವರು, ಪೆಂಟೆಕೋಸ್ತಲರು ರಾಜಕೀಯದಲ್ಲಿ ಒಂದೇ ದಿಕ್ಕಿಗೆ ನಡೆದದ್ದು ಅಪರೂಪ.

ಈಗ ಮೂರನೆಯದಕ್ಕೆ ಬರುತ್ತೇನೆ. ಪತ್ರಿಕೆಗಳು ಇದನ್ನು ಮುಟ್ಟುವುದೇ ಇಲ್ಲ, ಜನ ದಿನವೂ ಅನುಭವಿಸುವುದು ಇದನ್ನೇ. ಪಿಂಚಣಿ ನಿಂತಿದೆ, ದಾಖಲೆಯಲ್ಲಿ ಹೆಸರು ತಪ್ಪಾಗಿದೆ, ಆಸ್ಪತ್ರೆ ಬಿಲ್ಲು ಕಟ್ಟಲಾಗುತ್ತಿಲ್ಲ, ಸಂಗಾತಿಯ ವೀಸಾ ಬಂದಿಲ್ಲ ಎಂದು ಬರುವ ಅರ್ಜಿಗಳು. ಇಲ್ಲಿ ಪಕ್ಷಪಾತ ದೊಡ್ಡ ದನಿಯಲ್ಲಿ ನಡೆಯುವುದಿಲ್ಲ, ಯಾರೂ ಬೇಕೆಂದು ಮಾಡಬೇಕಾಗಿಯೂ ಇಲ್ಲ. ಅದು ಪತ್ರದ ಕ್ರಿಯಾಪದದಲ್ಲಿ ಕೂತಿರುತ್ತದೆ. 'ಅರ್ಜಿಯನ್ನು ಸೂಕ್ತ ಕ್ರಮಕ್ಕಾಗಿ ರವಾನಿಸಿದೆ' ಎಂದು ಬರೆದ ಪತ್ರಕ್ಕೂ, 'ಅರ್ಜಿದಾರರು ಅರ್ಹರಿದ್ದಾರೆ, 15 ದಿನದೊಳಗೆ ಕ್ರಮ ಕೈಗೊಂಡು ನನಗೆ ತಿಳಿಸಿ' ಎಂದು ಬರೆದ ಪತ್ರಕ್ಕೂ ಕಚೇರಿಗಳಲ್ಲಿ ಸಿಗುವ ಬೆಲೆ ಬೇರೆ ಬೇರೆ. ಮೊದಲನೆಯದನ್ನು ಗುಮಾಸ್ತರು ಕಡತಕ್ಕೆ ಹೊಲಿಯುತ್ತಾರೆ, ಎರಡನೆಯದನ್ನು ಅಧಿಕಾರಿಯ ಮೇಜಿಗೆ ಒಯ್ಯುತ್ತಾರೆ. ಪ್ರತಿನಿಧಿಗೆ ಮನಸ್ಸೊಪ್ಪದ ವಿಷಯ ಬಂದಾಗ, ಕಾನೂನುಬದ್ಧ ಗರ್ಭಪಾತಕ್ಕೆ ಆಸ್ಪತ್ರೆ ಸತಾಯಿಸುತ್ತಿದೆ ಎಂಬ ದೂರೋ, ಬೇರೆ ಧರ್ಮದವರ ಪ್ರಾರ್ಥನಾ ಮಂದಿರಕ್ಕೆ ಪರವಾನಗಿ ಸಿಗುತ್ತಿಲ್ಲ ಎಂಬ ಅಹವಾಲೋ, ಪತ್ರ ತಾನಾಗಿಯೇ ಮೊದಲ ಬಗೆಯದಾಗಿಬಿಡುತ್ತದೆ. ಮದ್ದು ಸರಳ: ಎಲ್ಲ ಅರ್ಜಿಗೂ ಒಂದೇ ನಮೂನೆಯ ಪತ್ರ, ಒಂದೇ ಗಡುವು, ಗಡುವು ಮೀರಿದರೆ ಒಂದೇ ರೀತಿಯ ನೆನಪೋಲೆ.

ಇನ್ನೊಂದು, ಅರ್ಜಿ ಬರುವ ದಾರಿ. ಪಾಸ್ಟರ್ ಮೂಲಕ ಬಂದ ಅರ್ಜಿಗೆ ಲೆಟರ್‌ಹೆಡ್ಡಿನ ಹೊದಿಕೆ ಪತ್ರವಿರುತ್ತದೆ, ದಾಖಲೆಗಳು ಜೋಡಿಸಿರುತ್ತವೆ, ಹಿಂದೆಯೇ ಒಂದು ಫೋನೂ ಬರುತ್ತದೆ. ಒಂಟಿಯಾಗಿ ಬಂದವರು ಒಂದು ಜೆರಾಕ್ಸ್ ಕಡಿಮೆಯಾಯಿತೆಂದು ವಾಪಸಾಗುತ್ತಾರೆ. ಆಪ್ತ ಸಹಾಯಕರನ್ನು ಚರ್ಚಿನ ಪರಿಚಯದಿಂದಲೇ ಆರಿಸಿಕೊಂಡಿದ್ದರಂತೂ ಈ ಅಂತರ ದುಪ್ಪಟ್ಟಾಗುತ್ತದೆ. ಪ್ರತಿನಿಧಿಗೆ ಇದು ತಿಳಿದಿರಬೇಕೆಂದೂ ಇಲ್ಲ; ಅವರ ಮೇಜಿಗೆ ಬರುವ ಹೊತ್ತಿಗೆ ಜರಡಿ ಹಿಡಿದು ಆಗಿರುತ್ತದೆ. ಬೇಕಾದ ದಾಖಲೆಗಳ ಪಟ್ಟಿಯನ್ನು ಬಾಗಿಲಲ್ಲೇ ಅಂಟಿಸಬೇಕು. ಬಂದ ಕ್ರಮದಲ್ಲಿ ಸಂಖ್ಯೆ ಹಾಕಬೇಕು. ಯಾರದೇ ಶಿಫಾರಸು ಪತ್ರವಿದ್ದರೂ ಅದನ್ನು ಅರ್ಜಿಯ ಹಿಂದೆ ಲಗತ್ತಿಸಬೇಕೇ ಹೊರತು ಮುಂದೆ ಅಲ್ಲ.

ಜಾಗದ ವಿಷಯವೂ ಸಣ್ಣದಲ್ಲ. ಬ್ರಿಟನ್ನಿನಲ್ಲಿ ಸಂಸದರು ಜನರ ಅಹವಾಲು ಕೇಳಲು ಚರ್ಚಿನ ಸಭಾಂಗಣಗಳಲ್ಲಿ ಕೂರುವುದು ಸಾಮಾನ್ಯ. ಬಾಡಿಗೆ ಕಡಿಮೆ, ಎಲ್ಲರಿಗೂ ಗೊತ್ತಿರುವ ಜಾಗ. ಆದರೆ ಆ ಚರ್ಚನ್ನು ಬಿಟ್ಟುಬಂದವರು, ವಿಚ್ಛೇದನದ ತೊಡಕಿಗೆ ನೆರವು ಕೇಳಬೇಕಾದವರು, ಬೇರೆ ಧರ್ಮದವರು ಆ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ತಿಂಗಳಿಗೊಮ್ಮೆ ಗ್ರಂಥಾಲಯ, ಇನ್ನೊಮ್ಮೆ ಶಾಲೆ, ಮತ್ತೊಮ್ಮೆ ಪುರಸಭೆಯ ಕಟ್ಟಡ ಎಂದು ಸರದಿ ಮಾಡಿದರೆ ಸಾಕು. ಭಾನುವಾರ ಬೆಳಿಗ್ಗೆ ಆರಾಧನೆಗೆ ಹೋಗುವ ಪ್ರತಿನಿಧಿ ಆ ಹೊತ್ತಿನಲ್ಲಿ ಸಿಗದಿರುವುದು ತಪ್ಪಲ್ಲ. ದುಡಿಯುವವರಿಗೆ ಅದೊಂದೇ ರಜೆ ಎಂಬುದನ್ನು ನೆನೆದು ಅಂದು ಸಂಜೆ ಬಾಗಿಲು ತೆರೆಯಬೇಕು.

ಇದನ್ನೆಲ್ಲ ಲೆಕ್ಕದಲ್ಲಿ ನೋಡುವುದು ಹೇಗೆ? ಅರ್ಜಿ ಪುಸ್ತಕದಲ್ಲಿ ಧರ್ಮದ ಕಾಲಂ ಹಾಕಬಾರದು. ಅದೊಂದರಿಂದಲೇ ಅರ್ಧ ಜನ ಬಾಗಿಲಿಗೆ ಬರುವುದು ನಿಲ್ಲಿಸುತ್ತಾರೆ. ಬಡಾವಣೆ, ವಿಷಯ, ಬಂದ ದಿನ, ಪತ್ರ ಹೋದ ದಿನ, ಉತ್ತರ ಬಂದ ದಿನ, ಫಲಿತಾಂಶ ಇಷ್ಟು ಸಾಕು. 12 ತಿಂಗಳ ಪುಸ್ತಕ ಕೈಗೆ ಬಂದರೆ ಮೂರು ಕಡೆ ನೋಡಬೇಕು. ಮತದಾರರಲ್ಲಿ 100ಕ್ಕೆ 30 ಜನ ಇರುವ ಬಡಾವಣೆಯಿಂದ 100ಕ್ಕೆ 5 ಅರ್ಜಿ ಮಾತ್ರ ಬಂದಿದ್ದರೆ ದೋಷ ಬಾಗಿಲಲ್ಲಿದೆ: ಜಾಗ, ಹೊತ್ತು, ಹಿಂಜರಿಕೆ. ಅರ್ಜಿ ಸರಿಸಮ ಬಂದು, ಒಂದು ಕಡೆಯವರ ಪತ್ರ 10 ದಿನಕ್ಕೆ, ಇನ್ನೊಂದು ಕಡೆಯವರದು 40 ದಿನಕ್ಕೆ ಹೋಗಿದ್ದರೆ ದೋಷ ಮೇಜಿನಲ್ಲಿದೆ. ಪತ್ರವೂ ಸರಿಯಾಗಿ ಹೋಗಿ ಫಲಿತಾಂಶ ಮಾತ್ರ ಬೇರೆಯಾಗಿದ್ದರೆ ದೋಷ ಆಚೆಯ ಇಲಾಖೆಯದು, ಪ್ರತಿನಿಧಿಯದಲ್ಲ. ಬಂದವರಿಗೆಲ್ಲ ಮಾಡಿಕೊಟ್ಟಿದ್ದೇನೆ ಎಂಬ ಹೇಳಿಕೆ ನಿಜವೇ ಇರಬಹುದು. ಬರದೇ ಹೋದವರ ಲೆಕ್ಕ ಅದರಲ್ಲಿ ಸೇರಿರುವುದಿಲ್ಲ. ಏಳೆಂಟು ಅರ್ಜಿಗಳನ್ನು ಇಟ್ಟುಕೊಂಡು ತೀರ್ಪು ಕೊಡುವುದೂ ಸಲ್ಲದು.

ಹಣದ ಲೆಕ್ಕ ಇದಕ್ಕಿಂತ ಸುಲಭ. ಭಾರತದಲ್ಲಿ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಪ್ರಾರ್ಥನಾ ಸ್ಥಳಗಳ ಒಳಗೆ, ಧಾರ್ಮಿಕ ಸಂಸ್ಥೆಗಳ ಒಡೆತನದ ನೆಲದಲ್ಲಿ ಅದರಿಂದ ಕಾಮಗಾರಿ ಮಾಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ವಸತಿಗಳಿಗೆ ಕ್ರಮವಾಗಿ ಶೇ 15 ಮತ್ತು ಶೇ 7.5 ಪಾಲು ಶಿಫಾರಸು ಮಾಡಬೇಕೆಂಬ ನಿಯಮ ಬಂದಿದೆ. ಕೇಂದ್ರದ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಶಿಫಾರಸು ಮಾಡಿದ ಕಾಮಗಾರಿಗಳ ಪಟ್ಟಿ ಪಡೆದು ನಕ್ಷೆಯ ಮೇಲೆ ಗುರುತು ಹಾಕಿದರೆ, ರಸ್ತೆ ಕೊನೆಯಾಗುವುದು ಯಾರ ಗೇಟಿನ ಮುಂದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಎದುರು ದಿಕ್ಕಿನ ತಪ್ಪೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಪಕ್ಷಪಾತಿ ಎನಿಸಿಕೊಳ್ಳುವ ಭಯಕ್ಕೆ ಕ್ರೈಸ್ತ ಪ್ರತಿನಿಧಿ ತನ್ನ ಸಮುದಾಯದ ನ್ಯಾಯವಾದ ಬೇಡಿಕೆಯನ್ನೇ ಬದಿಗೆ ಸರಿಸುವುದು. ಸಮಾಧಿ ಭೂಮಿ ತುಂಬಿಹೋಗಿದೆ, ಬೇರೆ ಜಾಗ ಕೊಡಿ ಎಂಬ ಅರ್ಜಿ ವರ್ಷಗಟ್ಟಲೆ ಕೂತರೆ ಅದೂ ಅಸಮಾನತೆಯೇ. ಸತ್ತವರನ್ನು ಹೂಳಲು ಜಾಗ ಕೇಳುವವರು ಕಾಯುವಂತಾಗಬಾರದು, ಅವರ ಪ್ರತಿನಿಧಿ ಅವರದೇ ಧರ್ಮದವರು ಎಂಬ ಒಂದೇ ಕಾರಣಕ್ಕಂತೂ ಖಂಡಿತ ಆಗಬಾರದು.

ಸದನದ ಕಲಾಪವೇ ಪ್ರಾರ್ಥನೆಯಿಂದ ಶುರುವಾಗುವ ದೇಶಗಳಲ್ಲಿ ಸಮಾನತೆಗೆ ಇನ್ನೊಂದು ಸೂಕ್ಷ್ಮ ಪೆಟ್ಟು ಬೀಳುತ್ತದೆ. ಬ್ರಿಟನ್ನಿನ ಕೆಳಮನೆಯಲ್ಲಿ ಪ್ರತಿದಿನ ಆಂಗ್ಲಿಕನ್ ಪ್ರಾರ್ಥನೆ ನಡೆಯುತ್ತದೆ. ಸದಸ್ಯರು ಹಿಂದಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಪ್ರಾರ್ಥನೆಗೆ ಬಂದವರು ಸಣ್ಣ ಚೀಟಿಯೊಂದನ್ನು ಆಸನದ ಹಿಂದೆ ಸಿಕ್ಕಿಸಿದರೆ ಆ ದಿನದ ಮಟ್ಟಿಗೆ ಜಾಗ ಅವರದು. 650 ಸದಸ್ಯರಿಗೆ ಸಾಲದಷ್ಟು ಆಸನಗಳಿರುವ ಮನೆಯಲ್ಲಿ, ಮುಖ್ಯ ಚರ್ಚೆಯ ದಿನ ನಂಬದ ಸದಸ್ಯರೂ ಕುಳಿತುಕೊಳ್ಳುವ ಜಾಗಕ್ಕಾಗಿ ಪ್ರಾರ್ಥನೆಗೆ ಬರಬೇಕು. ನಂಬುವವರಿಗೂ ನಂಬದವರಿಗೂ ಇದರಿಂದ ಗೌರವವಿಲ್ಲ. ಜಾಗ ಕಾದಿರಿಸುವ ವ್ಯವಸ್ಥೆಯನ್ನು ಪ್ರಾರ್ಥನೆಯಿಂದ ಬಿಡಿಸಬೇಕೆಂದು ಕ್ರೈಸ್ತ ಸದಸ್ಯರೇ ಕೇಳಿದರೆ ಎಷ್ಟು ಚೆನ್ನ.

ಕೊನೆಯದಾಗಿ, ನಮ್ಮಲ್ಲಿ ಮರೆತುಹೋದ ಒಂದು ಇತಿಹಾಸ. 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಕೆಲವು ಪ್ರಾಂತಗಳ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು: ಕ್ರೈಸ್ತ ಸದಸ್ಯರನ್ನು ಕ್ರೈಸ್ತರೇ ಆರಿಸುವುದು, ಅವರು ಉತ್ತರ ಹೇಳಬೇಕಾದದ್ದೂ ಆ ಮತದಾರರಿಗೇ. ಸಂವಿಧಾನ ಸಭೆಯಲ್ಲಿ ಬಂಗಾಳದ ಕ್ರೈಸ್ತರಾದ ಎಚ್.ಸಿ. ಮುಖರ್ಜಿ, ಜೆಸ್ಯುಯಿಟ್ ಪಾದ್ರಿ ಜೆರೋಮ್ ಡಿಸೋಜ ಮೊದಲಾದವರು ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ಬಿಟ್ಟುಕೊಡುವುದನ್ನು ಬೆಂಬಲಿಸಿದರು. 1949ರ ಮೇ ತಿಂಗಳಲ್ಲಿ ಸಭೆ ಅದನ್ನು ಒಪ್ಪಿತು. ಅಂದಿನಿಂದ ಕ್ರೈಸ್ತ ಅಭ್ಯರ್ಥಿ ಬಹುತೇಕ ಎಲ್ಲೆಡೆ ಇತರರ ಮತವಿಲ್ಲದೆ ಗೆಲ್ಲಲಾರರು. ಪ್ರಚಾರಕ್ಕೂ ಕಟ್ಟುಗಳಿವೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಮಾತ್ರವಲ್ಲ, ಮತ ಹಾಕದಿದ್ದರೆ ದೇವರ ಅವಕೃಪೆಗೆ ಗುರಿಯಾಗುತ್ತೀರಿ ಎಂದು ಹೆದರಿಸುವುದನ್ನೂ ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮವನ್ನು ಹಿಡಿದು ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು 4–3ರ ಬಹುಮತದಲ್ಲಿ ಹೇಳಿತು. ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕು. ಆ ಗಡುವು ಮೀರಿದರೆ, ಧ್ವನಿಮುದ್ರಣ ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಈ ನಿಯಮ ಕ್ರೈಸ್ತರಿಗೊಂದು, ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ಇಲ್ಲ. ನಮ್ಮ ಪ್ರಶ್ನೆಗಳೂ ಹಾಗೇ ಇರಬೇಕು. ಬಹುಸಂಖ್ಯಾತರ ನಂಬಿಕೆ ಎಲ್ಲ ದೇಶದಲ್ಲೂ ಗಾಳಿಯಂತೆ, ಇದ್ದೂ ಕಣ್ಣಿಗೆ ಬೀಳುವುದಿಲ್ಲ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿಗಳ ಸಂದರ್ಶನ ಮಾಡುವಾಗ, ಅವರು ಯಾವ ಧರ್ಮದವರೇ ಆಗಿರಲಿ, ನಾಲ್ಕು ಪ್ರಶ್ನೆ ಕೇಳಿ ಉತ್ತರವನ್ನು ಹಾಗೆಯೇ ಅಚ್ಚು ಹಾಕಿ. ನಿಮ್ಮ ಆತ್ಮಸಾಕ್ಷಿಗೆ ಒಪ್ಪದ ಯಾವ ವಿಷಯಗಳಲ್ಲಿ, ಪಕ್ಷ ಸ್ವಾತಂತ್ರ್ಯ ಕೊಟ್ಟರೆ, ನೀವು ಹೇಗೆ ಮತ ಹಾಕುತ್ತೀರಿ? ಮನಸ್ಸೊಪ್ಪದ ಕಾನೂನನ್ನು ಜಾರಿ ಮಾಡುವ ಹುದ್ದೆ ಬಂದರೆ ಆ ಕೆಲಸವನ್ನು ಯಾರ ಕೈಗೆ, ಎಷ್ಟು ದಿನದೊಳಗೆ ದಾಟಿಸುತ್ತೀರಿ? ಅರ್ಜಿ ಪುಸ್ತಕವನ್ನು, ಹೆಸರುಗಳನ್ನು ಮುಚ್ಚಿ, ವರ್ಷಕ್ಕೊಮ್ಮೆ ಪ್ರಕಟಿಸುತ್ತೀರಾ? ನಿಮ್ಮ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವವರು ಯಾರು, ಅವರನ್ನು ಹೇಗೆ ಆರಿಸಿದಿರಿ? ಈಗಾಗಲೇ ಒಂದು ಅವಧಿ ಮುಗಿಸಿದವರಿಗೆ ಮೂರನೇ ಪ್ರಶ್ನೆಯನ್ನು ಮೊದಲು ಕೇಳಿ, ಪುಸ್ತಕವನ್ನು ಅಲ್ಲೇ ತೋರಿಸಲು ಹೇಳಿ.

ಇತಿ,
ತಮ್ಮ ಪತ್ರಿಕೆಯ ಓದುಗ